ಲಕ್ಷ್ಮೀಪೂಜೆಯ ದಿನ ಕಂಪ್ಯೂಟರ್ ನುಡಿದದ್ದು

ವಯಸ್ಸಾದಂತೆ ಮನುಷ್ಯನಿಗೆ ನಾಚಿಕೆ ಕಡಿಮೆಯಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಮಟ್ಟಿಗೆ ಈ ಮಾತು ಶುದ್ಧ ಸುಳ್ಳು. ದೀಪಾವಳಿ ಹತ್ತಿರ ಬಂತೆಂದರೆ ಉಳಿದವರಿಗೆ ಹೊಸ ಬಟ್ಟೆ, ಕರ್ಚಿಕಾಯಿ ನೆನಪಾಗುತ್ತವೆ. ನನಗೆ ಮಾತ್ರ ಕಿವಿ ಬಿಸಿಯಾಗುತ್ತದೆ. ಅಂಗಡಿಗಳ ಮುಂದೆ ಬಾಳೆಕಂಬ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡೋಣ ಎನಿಸುತ್ತದೆ. ಹಾಗೆ ದಾಟಲು ನಾನೇನು ಅಂಗಡಿಯವರ ಬಾಕಿದಾರನಲ್ಲ, ಯಾರ ಗಂಟನ್ನೂ ಹೊಡೆದವನಲ್ಲ. ನನ್ನ ತಪ್ಪೆಲ್ಲ ಇಷ್ಟೇ: ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ.

ಇಂಗ್ಲಿಷ್ ಕಲಿಸುವವರ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಗಣಿತದ ಪ್ರಾಧ್ಯಾಪಕರ ಮನೆಗೆ ಬಂದು ಯಾರೂ ನಮ್ಮ ನೀರಿನ ತೊಟ್ಟಿಯ ಅಳತೆ ನೋಡಿ ಹೇಳಿ ಎನ್ನುವುದಿಲ್ಲ. ಆದರೆ ಜಗತ್ತಿನಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದೆಲ್ಲ ಇಂಗ್ಲಿಷ್ ಕಲಿಸುವವನಿಗೆ ತಿಳಿದಿರಲೇಬೇಕು ಎಂಬುದು ನಮ್ಮ ಕಡೆಯವರ ಗಟ್ಟಿ ನಂಬಿಕೆ. ನಾವಿದ್ದ ಸಪ್ತಾಪುರದ ಓಣಿಯಲ್ಲಿ ಮಿಕ್ಸರ್ ಕೆಟ್ಟರೆ ಅದರ ಜೊತೆ ಬಂದ ಪುಸ್ತಕ ಹಿಡಿದುಕೊಂಡು ನಮ್ಮನೆಗೆ ಬರುತ್ತಿದ್ದರು. ಡಾಕ್ಟರರು ಕೊಟ್ಟ ಔಷಧದ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಹಾಳೆಯನ್ನು ಬಿಡಿಸಿ, "ಸರ, ಇದರಾಗ ಏನಂತ ಬರದದ ಸ್ವಲ್ಪ ಹೇಳ್ರಿ" ಎನ್ನುತ್ತಿದ್ದರು. ನಾನೂ ಕನ್ನಡಕ ಏರಿಸಿಕೊಂಡು ಹೇಳುತ್ತಿದ್ದೆ. ಹೇಳುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಮ್ಮ ಓಣಿಯ ಇಂಗ್ಲಿಷಿಗೆ ನಾನೇ ಗೌಡನಾಗಿದ್ದೆ.

ಇಂಥ ಹೊತ್ತಿನಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ, ನಮ್ಮೂರಿಗೆ ಕಂಪ್ಯೂಟರ್ ಬಂತು. ಸರಿಯಾಗಿ ಹೇಳಬೇಕೆಂದರೆ ಕಂಪ್ಯೂಟರ್ ಬರಲಿಲ್ಲ, ಅದರ ಶಬ್ದಗಳು ಬಂದವು. ಯಂತ್ರವನ್ನು ಕಣ್ಣಾರೆ ಕಂಡವರು ಕಡಿಮೆ, ಶಬ್ದಗಳನ್ನು ಬಾಯಲ್ಲಿ ಇಟ್ಟುಕೊಂಡವರು ಬಹಳ. ಸಪ್ತಾಪುರದಲ್ಲಿ ಎರಡು ಮನೆಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಬಿತ್ತು. ಬಾಡಿಗೆ ಕೋಣೆಯ ಹುಡುಗರು ಸಂಜೆ ತಿರುಗಾಡುವಾಗ ಹಾರ್ಡ್‌ವೇರ್, ಸಾಫ್ಟ್‌ವೇರ್, ಮೆಮರಿ, ಪ್ರೋಗ್ರಾಮ್ ಎನ್ನುತ್ತ ಹೋಗುವರು. ಇಂಗ್ಲಿಷ್ ಶಬ್ದಗಳು ನನ್ನನ್ನು ಕೇಳದೇ ನನ್ನ ಮನೆಯ ಮುಂದೆ ಓಡಾಡುವುದೆಂದರೇನು? ಹಳೆಯ ಪುಸ್ತಕದ ಅಂಗಡಿಯಲ್ಲಿ ಕಂಪ್ಯೂಟರ್ ಶಬ್ದಗಳ ಅರ್ಥಕೋಶವೊಂದು ಸಿಕ್ಕಿತು. ಗಡ್ಡ ಮಾಡಿಕೊಳ್ಳುವಾಗ ಕನ್ನಡಿಗೆ ಒರಗಿಸಿಟ್ಟು ಬಾಯಿಪಾಠ ಮಾಡಿದೆ. ಚಿಕ್ಕಂದಿನಲ್ಲಿ ಮಗ್ಗಿಯನ್ನೂ ಇಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ.

ಅಲ್ಲಿಂದ ಮುಂದೆ ಕಾಲೇಜಿನ ಚಹಾದ ಹೊತ್ತು ನನ್ನದಾಯಿತು. ಇತಿಹಾಸದ ಸಹೋದ್ಯೋಗಿಯೊಬ್ಬರು, "ಅಲ್ರಿ, ಈ ರ‍್ಯಾಮ್‌ಗೂ ರೋಮ್‌ಗೂ ಏನ್ರಿ ವ್ಯತ್ಯಾಸ?" ಎಂದರೆ ಸಾಕು, ನಾನು ಸೀಮೆಸುಣ್ಣ ಹಿಡಿದು ಎದ್ದು ನಿಲ್ಲುತ್ತಿದ್ದೆ. ಒಂದು ತಾತ್ಕಾಲಿಕ ನೆನಪು, ಇನ್ನೊಂದು ಅಳಿಯದ ನೆನಪು ಎಂದು ಉಪನ್ಯಾಸ ಕೊಡುತ್ತಿದ್ದೆ. ಅವರು ತಲೆದೂಗಿ, "ಸರ್ ಭಾಳ ಓದ್ಯಾರ್ರಿ" ಎನ್ನುತ್ತಿದ್ದರು. ಓದಿದ್ದೆ, ನಿಜ. ನೋಡಿರಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಒಮ್ಮೆ ಸಾರಿಗೆ ಒಗ್ಗರಣೆ ಹಾಕುತ್ತ ಸಹಜವಾಗಿಯೇ ಕೇಳಿದಳು: "ಅದನ್ನ ಒಮ್ಮೆರ ಮುಟ್ಟೀರೇನ್ರಿ?" ನಾನು ಗಂಭೀರವಾಗಿ, "ಮುಟ್ಟೋದು ಬ್ಯಾರೆ, ತಿಳಕೊಳ್ಳೋದು ಬ್ಯಾರೆ" ಎಂದೆ. ಆಕೆ ನಂಬಿದಳು. ನಂಬಿದ್ದಷ್ಟೇ ಅಲ್ಲ, ತವರುಮನೆಗೆ ಹೋದಾಗ ಆ ನಂಬಿಕೆಯನ್ನು ಜೊತೆಗೆ ಒಯ್ದಳು. ನನ್ನ ದೆಸೆ ಕೆಟ್ಟದ್ದು ಅಲ್ಲಿಂದ.

ಆಕೆಯ ತವರು ಹಳೇ ಹುಬ್ಬಳ್ಳಿ. ಎದುರಿನಿಂದ ಒಂದು ಎಮ್ಮೆ ಬಂದರೆ ನಾವು ಯಾರದಾದರೂ ಮನೆಯ ಕಟ್ಟೆ ಹತ್ತಬೇಕು, ಅಂಥ ಓಣಿ. ಅಲ್ಲಿ ಆಕೆಯ ಚಿಕ್ಕಪ್ಪ ಕಲ್ಲಪ್ಪ ಕಾಕಾನ ಪಾತ್ರೆಗಳ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಸುಮಿತ್ರಾಳ ತಂದೆ ಬೇಗ ತೀರಿಕೊಂಡರು. ಆಕೆಯನ್ನು ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವನು ಈ ಕಾಕಾ. ತಾನು ಅಂಗಡಿಯಲ್ಲಿ ಧೋತರ ಮೇಲೆ ಕಟ್ಟಿ ಕೊಪ್ಪರಿಗೆ ಹೊರುತ್ತಿದ್ದರೂ ಅಣ್ಣನ ಮಗಳನ್ನು ಕಾಲೇಜು ಕಲಿತ ಗಂಡಿಗೇ ಕೊಡಬೇಕೆಂದು ಹಟ ಹಿಡಿದು ನನ್ನನ್ನು ಹುಡುಕಿ ತಂದಿದ್ದ. ಹೀಗಾಗಿ ನಾನು ಆ ಮನೆಯ ಅಳಿಯನಷ್ಟೇ ಅಲ್ಲ, ಕಾಕಾನ ಆಯ್ಕೆ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿಯೂ ಹೌದು.

ಆ ವರ್ಷ ಕಾಕಾ ಯಾರ ಮಾತನ್ನೂ ಕೇಳದೆ ಅಂಗಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ಕೊಂಡುಬಿಟ್ಟ. ಇಡೀ ಓಣಿ ನಕ್ಕಿತು. ಪಕ್ಕದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಮಹಬೂಬಸಾಬ್, ಕಾಕಾನ ಬಾಲ್ಯದ ಗೆಳೆಯ, "ಕಲ್ಲಪ್ಪಣ್ಣ, ತಾಂಬಿಗಿ ಮಾರಾಕ ಟೀವಿ ಯಾಕ ಬೇಕೋ?" ಎಂದು ದಿನಕ್ಕೊಮ್ಮೆ ಕೆಣಕುತ್ತಿದ್ದ. ಕಾಕಾನದು ಒಂದೇ ಉತ್ತರ: "ನಮ್ಮ ಅಳಿಯಾರು ಅದಾರ. ಅವರಿಗೆ ಅದರದು ಎಲ್ಲಾ ಗೊತ್ತದ." ವ್ಯಾಪಾರಸ್ಥರಲ್ಲಿ ದೀಪಾವಳಿ ಅಮಾವಾಸ್ಯೆಯ ದಿನ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡಿ, ಮುಹೂರ್ತ ನೋಡಿ ಹೊಸ ಲೆಕ್ಕದ ಪುಸ್ತಕ ತೆರೆಯುವ ಪದ್ಧತಿ. ಈ ಸಲ ಪುಸ್ತಕದ ಬದಲು ಕಂಪ್ಯೂಟರ್ ತೆರೆಯುವುದು, ಅದೂ ಅಳಿಯಂದಿರ ಕೈಯಿಂದ ಎಂದು ಕಾಕಾ ಓಣಿಗೆಲ್ಲ ಹೇಳಿಬಿಟ್ಟಿದ್ದ. ಮುಹೂರ್ತದಲ್ಲಿ ಅದು ಹತ್ತಲಿಲ್ಲವೆಂದರೆ ಅಪಶಕುನ. ಯಂತ್ರ ಮಾರಿದವರಿಗೇ ವಾಪಸು, ಕಾಕಾನಿಗೆ ಜೀವಮಾನದ ನಗೆಪಾಟಲು.

ಧಾರವಾಡದಿಂದ ಬಸ್ಸಿನಲ್ಲಿ ಹೊರಟೆವು. ಉಣಕಲ್ ಕೆರೆ ಬರುವಷ್ಟರಲ್ಲಿ ನನ್ನ ಅಂಗಿಯ ಬೆನ್ನು ತೊಯ್ದಿತ್ತು. ಸುಮಿತ್ರಾ ನೋಡಿದಳು. "ಯಾಕ್ರಿ, ಹಿಂಗ ಬೆವರಾಕತ್ತೀರಿ?" ಎಂದಳು. ಸೆಕೆ ಎಂದೆ. ಆಶ್ವೀಜದ ಗಾಳಿ ಕಿಟಕಿಯಿಂದ ತಣ್ಣಗೆ ಬೀಸುತ್ತಿತ್ತು. ಆಕೆ, "ನಮ್ಮ ಕಾಕಾ ನಾಕನೇ ಇಯತ್ತಾ ಕಲ್ತಾಂವ, ನನ್ನ ಬಿ.ಎ. ಮಾಡ್ಸಿದ. ಅವನ ಮಾರಿ ಓಣ್ಯಾಗ ಸಣ್ಣದಾಗಬಾರದು ನೋಡ್ರಿ" ಎಂದಳು. ಆಗಲೇ ಇಳಿದು, ನನಗೆ ಇದು ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. "ಅದರಾಗೇನದ, ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತದ" ಎಂದೆ. ನಾನು ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ ಇರಬೇಕು.

ಅಂಗಡಿಯ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ದೇವರಿಗೆ ಹೇಗೋ ಹಾಗೆ ಕಂಪ್ಯೂಟರಿಗೂ ಚಪ್ಪಲಿ ಆಗದು ಎಂದು ಮಾರಿದವರು ಹೇಳಿಹೋಗಿದ್ದರಂತೆ. ಒಳಗೆ ಕೊಡಗಳು, ಪರಾತಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ನಡುವೆ ಮೇಜಿನ ಮೇಲೆ ಸೇವಂತಿಗೆ ಮಾಲೆ ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಕಂಪ್ಯೂಟರ್ ಕುಳಿತಿತ್ತು. ಲಕ್ಷ್ಮಿಯ ಫೋಟೋದ ಮುಂದೆ, ಮಣೆಯ ಮೇಲೆ, ವೀಳ್ಯದೆಲೆಯ ಮೇಲೆ ಒಂದು ಕಪ್ಪು ಚೌಕ ಫ್ಲಾಪಿ. ಅಂಗಡಿಯ ಲೆಕ್ಕವೆಲ್ಲ ಇದರಲ್ಲಿ ಕೂರುತ್ತದೆ ಎಂದು ಮಾರಿದವರು ತೋರಿಸಿದ್ದರಿಂದ ಕಾಕಾ ಅದನ್ನೇ ಹೊಸ ಲೆಕ್ಕದ ಪುಸ್ತಕ ಎಂದು ತಿಳಿದು ಅರಿಶಿನ ಕುಂಕುಮ ಏರಿಸಿದ್ದ. ಮಾರಿದವರು ಹಬ್ಬಕ್ಕೆ ತಮ್ಮೂರಿಗೆ ಹೋಗಿದ್ದರು. ಕಲಿಸಲು ಪಾಡ್ಯದ ಮರುದಿನ ಬರುವವರಿದ್ದರು.

ಪೂಜೆ ಮುಗಿಯಿತು. ಮುಹೂರ್ತ ಹತ್ತಿರ ಬಂತು ಎಂದು ಪೂಜೆಗೆ ಬಂದಿದ್ದ ಸ್ವಾಮಿಗಳು ಹೇಳಿದರು. ಕಾಕಾ ಫ್ಲಾಪಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಕಡೆ ತಿರುಗಿದ. "ಅಳಿಯಾರ, ಇದನ್ನ ಮೊದಲು ಹಾಕೋದೋ, ಸ್ವಿಚ್ ಒತ್ತಿ ಹಾಕೋದೋ?" ಎಲ್ಲರ ಕಣ್ಣು ನನ್ನ ಮೇಲೆ. ಅರ್ಥಕೋಶದಲ್ಲಿ ಫ್ಲಾಪಿ ಎಂದರೇನು ಎಂದಿತ್ತು. ಯಾವಾಗ ಹಾಕಬೇಕು ಎಂದಿರಲಿಲ್ಲ. ನಾನು, "ಎಣ್ಣಿ ಹಾಕಿ ದೀಪಾ ಹಚ್ಚತೀವಿ ಹೊರತು ದೀಪಾ ಹಚ್ಚಿ ಎಣ್ಣಿ ಹಾಕ್ತೀವೇನ್ರಿ ಮಾವಾರ?" ಎಂದೆ. ಆಹಾ ಎಂದರು ಎಲ್ಲರೂ. ಮಹಬೂಬಸಾಬ್ ಕೂಡ ತಲೆ ಅಲ್ಲಾಡಿಸಿ ಒಪ್ಪಿದ. ಕಾಕಾ ಫ್ಲಾಪಿಯನ್ನು ಅದರ ಗೂಡಿನಲ್ಲಿ ನೂಕಿದ. ನಾನು ಬಲಗೈ ಚಾಚಿ ಸ್ವಿಚ್ ಒತ್ತಿದೆ.

ಒಳಗಿನಿಂದ ಗಾಳಿ ಬೀಸುವ ಸದ್ದು ಬಂತು. ಫ್ಲಾಪಿಯ ಗೂಡು ಗರ್ರ್ ಎಂದಿತು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಹೆಂಗಸರು ಕೈಮುಗಿದರು. ಯಾರೋ ಜಾಗಟೆ ಬಾರಿಸಿದರು. ನಾನು ಬಗ್ಗಿ ಓದಿದೆ: "ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್. ರಿಪ್ಲೇಸ್ ಅಂಡ್ ಪ್ರೆಸ್ ಎನಿ ಕೀ ವೆನ್ ರೆಡಿ."

ಓದುಗರೇ, ಈ ಎರಡು ವಾಕ್ಯಗಳಲ್ಲಿ ನನಗೆ ಗೊತ್ತಿಲ್ಲದ ಒಂದು ಶಬ್ದವೂ ಇರಲಿಲ್ಲ. ಡಿಸ್ಕ್ ಗೊತ್ತು, ಸಿಸ್ಟಮ್ ಗೊತ್ತು, ಎರರ್ ಅಂತೂ ವರ್ಷವಿಡೀ ಹುಡುಗರ ಉತ್ತರಪತ್ರಿಕೆಯ ಅಂಚಿನಲ್ಲಿ ನಾನೇ ಬರೆಯುವ ಶಬ್ದ. ಡಿಸ್ಕಿನಲ್ಲೇನೋ ದೋಷವಿದೆ, ಬದಲಿಸಿ ಎನ್ನುತ್ತಿದೆ. ಏನನ್ನು ಬದಲಿಸಲಿ? ಡಿಸ್ಕನ್ನೋ, ಯಂತ್ರವನ್ನೋ, ಅಳಿಯನನ್ನೋ? ಕೈಗೆ ಸಿಕ್ಕ ಒಂದು ಕೀಲಿ ಒತ್ತಿದೆ. ಮತ್ತೆ ಗರ್ರ್ ಎಂದಿತು, ಕೆಳಗೆ ಅದೇ ವಾಕ್ಯ ಇನ್ನೊಮ್ಮೆ ಬಂತು. ಹಿಂದಿನಿಂದ ಕಾಕಾನ ದನಿ ಕೇಳಿಸಿತು, ಮಗುವಿನ ದನಿಯಷ್ಟು ಮೆತ್ತಗೆ: "ಅಳಿಯಾರ, ಏನಂತದ್ರಿ?"

ಆಗ ನಾನು ಹೇಳಿದ್ದನ್ನು ನೆನೆದರೆ ಈಗಲೂ ತಲೆದಿಂಬಿನಲ್ಲಿ ಮುಖ ಹುದುಗಿಸುವಂತಾಗುತ್ತದೆ. ನಾನು ತಿರುಗಿ, ಪಾಠ ಹೇಳುವ ದನಿಯಲ್ಲಿ, "ಎಲ್ಲಾ ಸಿದ್ಧ ಆಗೇತಿ, ಮನಿ ಮಂದಿದೆಲ್ಲಾ ಕೈ ಹಚ್ಚಿಸ್ರಿ, ಶುಭ ಆಗ್ತದ ಅಂತದ್ರಿ" ಎಂದೆ.

ಕಾಕಾನ ಕಣ್ಣಲ್ಲಿ ನೀರು ಬಂತು. "ನೋಡೋ ಮಹಬೂಬ, ಮಷಿನ್ ಆದ್ರೂ ಎಷ್ಟು ಸಂಸ್ಕಾರ ಐತಿ!" ಎಂದ. ನನ್ನ ಲೆಕ್ಕಾಚಾರ ಅಲ್ಲಿಗೆ ಮುಗಿಯುವುದಿತ್ತು; ಆರತಿ ಬೆಳಗಿ, ಸ್ವಿಚ್ ಆರಿಸಿ, ಊಟಕ್ಕೆ ಏಳೋಣ ಎಂದುಕೊಂಡಿದ್ದೆ. ಆದರೆ ಮನೆ ಮಂದಿಯೆಲ್ಲ ಕೈ ಹಚ್ಚಬೇಕು ಎಂದವನು ನಾನೇ. ಕಾಕಾ ಹಿರಿತನದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಮೊದಲು ಕಾಕಾನ ತಾಯಿ, ಆಯಿ. ಇಬ್ಬರು ಹಿಡಿದುಕೊಂಡು ಬಂದರು. ಮುದುಕಿ ನಡುಗುವ ಬೆರಳಿಂದ ಒಂದು ಕೀಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಯಂತ್ರ ತಪ್ಪದೆ ಗರ್ರ್ ಎಂದು ಅದೇ ವಾಕ್ಯ ಬರೆಯಿತು. "ನನಗೇನಂತಪಾ ಅದು?" ಎಂದಳು ಆಯಿ. ಡಿಸ್ಕ್ ಎರರ್ ಎನ್ನಲೇ? "ಮಮ್ಮಗಳ ಮಕ್ಕಳ ತೊಟ್ಟಲಾ ತೂಗ್ತೀರಿ ಅಂತದ, ಆಯಿ" ಎಂದೆ. ಆಗ ನಮಗಿನ್ನೂ ಮಕ್ಕಳಾಗಿರಲಿಲ್ಲ. ಆಯಿ ಯಂತ್ರಕ್ಕೆ ಬೆರಳ ಲಟಿಗೆ ಮುರಿದು ದೃಷ್ಟಿ ನಿವಾಳಿಸಿದಳು.

ಆಮೇಲೆ ತಡೆಯುವವರೇ ಇರಲಿಲ್ಲ. ಒಬ್ಬೊಬ್ಬರೂ ಬಂದು ಕೀಲಿ ಮುಟ್ಟುವುದು, ಪರದೆ ಅದನ್ನೇ ನುಡಿಯುವುದು, "ನನಗೇನಂತು?" ಎಂದು ಅವರು ನನ್ನ ಮುಖ ನೋಡುವುದು. ಕಾಕಾನಿಗೆ ವ್ಯಾಪಾರ ವೃದ್ಧಿ ಎಂದೆ. ಅವನ ಹೆಂಡತಿ ಕಾಕುವಿಗೆ ಮಂಡಿನೋವು ಕಡಿಮೆ ಎಂದೆ. ಮಹಬೂಬಸಾಬ್ ಸಂಕೋಚದಿಂದ ದೂರ ನಿಂತಿದ್ದ, ಕಾಕಾ ಕೈಹಿಡಿದು ಎಳೆತಂದ. ಅವನು ತನ್ನ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡು ಒಂದು ಕೀಲಿ ಒತ್ತಿ, "ನಮ್ಮಂಥವರಿಗೂ ಏನರ ಅಂತದೇನ್ರಿ ಸರ?" ಎಂದ. "ದೋಸ್ತಿ ಹಿಂಗ ಇರ್ಲಿ ಅಂತದ" ಎಂದೆ. ಅವನು ಕಾಕಾನ ಭುಜ ಒತ್ತಿ ಹಿಡಿದ. ಟೀವಿ ಎಂದು ಕೆಣಕಿದವನು ಆಮೇಲೆ ಎಂದೂ ಆ ಶಬ್ದ ಆಡಲಿಲ್ಲ. ಪರದೆಯ ತುಂಬ ಎರರ್, ಎರರ್, ಎರರ್. ಅದರ ಮುಂದೆ ಊದುಬತ್ತಿಯ ಹೊಗೆ, ಮುಗಿದ ಕೈಗಳು.

ಎಲ್ಲರ ಕೊನೆಗೆ ಸುಮಿತ್ರಾ ಬಂದಳು. ಕೈಯಲ್ಲಿ ಆರತಿ ತಟ್ಟೆ. ಎಡಗೈಯಿಂದ ಕೀಲಿ ಒತ್ತಿ, ತಟ್ಟೆಯ ದೀಪದ ಬೆಳಕಿನಲ್ಲಿ ಬಗ್ಗಿ ಪರದೆಯನ್ನು ನೋಡಿದಳು. ಆಕೆ ಬಿ.ಎ. ಓದಿದವಳು ಎಂಬುದು, ಅದರಲ್ಲಿ ಇಂಗ್ಲಿಷೂ ಇತ್ತು ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಆಕೆಯ ಕಣ್ಣು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಹೋಯಿತು. ಒಂದು ಮಾತು ಆಡಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಆಕೆ ಒಮ್ಮೆ ಕಾಕಾನ ಮುಖ ನೋಡಿದಳು. ಅವನು ಬೆಳಗಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನನಗ ಏನಂತದ್ರಿ?" ಎಂದಳು.

ನನ್ನ ಆಶೀರ್ವಾದಗಳ ಚೀಲ ಖಾಲಿಯಾಗಿತ್ತು. "ನಿನಗ... ಕ್ಷಮಾ ಮಾಡು ಅಂತದ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅಳಿಯಂದಿರು ಚೇಷ್ಟೆ ಮಾಡಿದರು ಎಂದುಕೊಂಡರು. ಸುಮಿತ್ರಾ ನಗಲಿಲ್ಲ. ಆರತಿ ಬೆಳಗಿದಳು.

ಆ ದಿನ ಊಟಕ್ಕೆ ಹೋಳಿಗೆ. ಕಾಕಾ ಒತ್ತಾಯ ಮಾಡಿ ಮಾಡಿ ಬಡಿಸಿದ, ನಾನು ಶಿಕ್ಷೆ ಎಂಬಂತೆ ತಿಂದೆ. ಮರಳುವ ಬಸ್ಸಿನಲ್ಲಿ ಉಣಕಲ್ ದಾಟುವವರೆಗೆ ಸುಮಿತ್ರಾ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ತಣ್ಣಗೆ, "ಎರರ್ ಅಂದ್ರ ತೊಟ್ಟಲಾ ತೂಗೋದು ಅಂತ ನಮ್ಮ ಕಾಲೇಜಿನ್ಯಾಗ ಕಲಿಸಲೇ ಇಲ್ಲ ನೋಡ್ರಿ" ಎಂದಳು. "ನಾಳೆ ಅದು ಹತ್ತಲಿಲ್ಲಂದ್ರ ನಮ್ಮ ಕಾಕಾ ಏನ ಮಾಡಬೇಕ್ರಿ?" ಎಂದಳು. ಆಕೆಯ ದನಿ ಒಡೆದಿತ್ತು. ಬಯ್ದಿದ್ದರೆ ಎಷ್ಟೋ ಸುಖವಿತ್ತು. ಅಷ್ಟು ಸಣ್ಣವನು ನಾನು ನನ್ನ ಕಣ್ಣಿಗೇ ಎಂದೂ ಕಂಡಿರಲಿಲ್ಲ.

ಪಾಡ್ಯ ಕಳೆದ ಮರುದಿನ ಮನೆಮಾಲೀಕರ ಫೋನಿಗೆ ಕಾಕಾನ ಕರೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ನಾನು ರಿಸೀವರ್ ಹಿಡಿದೆ. "ಅಳಿಯಾರ! ಮಷಿನ್ ಭಾಳ ಛಲೋ ನಡದದ್ರಿ. ಮಾರಿದವರು ಬಂದು ಒತ್ತಿದ್ರ ಒಂದ ಹೊಡ್ತಕ್ಕ ಹತ್ತಿತು. ನಿಮ್ಮ ಕೈಗುಣ!" ಎಂದ ಕಾಕಾ. ನನ್ನ ಕೈಗುಣ ನನಗೆ ಗೊತ್ತಿತ್ತು. ಪವಾಡ ಹೇಗಾಯಿತೆಂಬುದು ಮಾತ್ರ ಗೊತ್ತಾಗಲಿಲ್ಲ.

ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿದ ಮೇಲೆ. ನಮ್ಮ ಕಾಲೇಜಿಗೂ ಕಂಪ್ಯೂಟರುಗಳು ಬಂದವು. ನಮಗೆಲ್ಲ ತರಬೇತಿ ಎಂದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಸ್ವಿಚ್ ಒತ್ತಿದರೆ ನನ್ನ ಪರದೆಯ ಮೇಲೆ ಅದೇ ಎರಡು ವಾಕ್ಯ! ಬಂಧುವೊಬ್ಬನನ್ನು ಪೊಲೀಸ್ ಠಾಣೆಯಲ್ಲಿ ಕಂಡ ಹಾಗಾಯಿತು. ಕಲಿಸುತ್ತಿದ್ದ ತರುಣಿ ಬಂದು, "ಯಾರೋ ಒಳಗ ಫ್ಲಾಪಿ ಬಿಟ್ಟಾರ ಸರ. ಅದನ್ನ ತಗದು ಹಚ್ಚಬೇಕ್ರಿ" ಎಂದು ಅದನ್ನು ಎಳೆದು ಹಾಕಿದಳು. ಯಂತ್ರ ಸರಾಗವಾಗಿ ಶುರುವಾಯಿತು. ಅಂದರೆ ಎಣ್ಣೆ ಹಾಕಿ ದೀಪ ಹಚ್ಚಿದ್ದೇ ತಪ್ಪು. ಹಾಗಾದರೆ ಆ ಮೊದಲ ವರ್ಷ ಕಾಕಾನ ಅಂಗಡಿಯಲ್ಲಿ ಫ್ಲಾಪಿ ತೆಗೆದವರು ಯಾರು? ಸುಮಿತ್ರಾಳನ್ನು ಕೇಳಿದೆ. "ಆಯಿ. ಪೂಜಾ ಮಾಡಿದ್ದನ್ನ ಮರುದಿನ ಕದಲಿಸಬೇಕಲ್ರಿ? ಅಂಗಡ್ಯಾಗ ಮಡಿ ಇರಂಗಿಲ್ಲಂತ ಅದನ್ನ ತಗೊಂಡು ಹೋಗಿ ದೇವರ ಜಗಲಿ ಮ್ಯಾಲೆ ಇಟ್ಲು. ಇನ್ನೂ ಅಲ್ಲೇ ಅದ" ಎಂದಳು. ಲೆಕ್ಕವನ್ನು ಬೇರೆ ಫ್ಲಾಪಿಗಳಲ್ಲಿ ತುಂಬಿದರಂತೆ. ಪೂಜೆಯದು ಪೂಜೆಗಷ್ಟೇ ಮೀಸಲು.

ಮೀಸಲು ಎಂದೆನಲ್ಲ, ಅದೇ ನನ್ನ ಶಿಕ್ಷೆ. ಪ್ರತಿ ಲಕ್ಷ್ಮೀಪೂಜೆಗೂ ಜಗಲಿಯಿಂದ ಆ ಫ್ಲಾಪಿ ಇಳಿದು ಬರುತ್ತಿತ್ತು, ಗೂಡು ಸೇರುತ್ತಿತ್ತು, ಯಂತ್ರ ತಪ್ಪದೆ ತನ್ನ ದೋಷ ಹೇಳಿಕೊಳ್ಳುತ್ತಿತ್ತು, ನಾನು ತಪ್ಪದೆ ಅದನ್ನು ಆಶೀರ್ವಾದವಾಗಿಸುತ್ತಿದ್ದೆ. ತರಬೇತಿಯಾದ ವರ್ಷ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹುಬ್ಬಳ್ಳಿಗೆ ಹೋದೆ. ಬಾಗಿಲಲ್ಲೇ ಆಯಿ ಕುಳಿತಿದ್ದಳು, ತೊಡೆಯ ಮೇಲೆ ನಮ್ಮ ಎರಡನೆಯ ಮಗಳು. "ಮಷಿನ್ ಅಂದದ್ದು ಖರೇ ಆತು ನೋಡಪಾ, ತೊಟ್ಟಲಾ ತೂಗಿದೆ" ಎಂದಳು. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಈಗ ಆಯಿ ಇಲ್ಲ. ಕಾಕಾನ ಆ ಹಳೆಯ ಯಂತ್ರವೂ ಹೋಗಿ ಹೊಸದು ಬಂದಿದೆ. ಅದಕ್ಕೆ ಫ್ಲಾಪಿಯ ಗೂಡೇ ಇಲ್ಲ. ಸ್ವಿಚ್ ಒತ್ತಿದರೆ ಬಣ್ಣದ ಚಿತ್ರ ತೋರಿಸಿ ಸುಮ್ಮನಾಗುತ್ತದೆ. "ಇದೇನು ಬಿಡ್ರಿ ಅಳಿಯಾರ, ಮಾತ ಆಡಂಗಿಲ್ಲ. ಮೊದಲಿನ್ಯಾಂವ ಒಬ್ಬೊಬ್ಬರಿಗೂ ಒಂದೊಂದು ಹೇಳ್ತಿದ್ದ" ಎಂದು ಕಾಕಾ ಕೊರಗಿದ. ಆಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು: "ನಿಮಗ ಬಾಯಿಪಾಠ ಇರಬೇಕಲ್ರಿ, ನೀವ ಅನ್ರಿ." ಹೀಗಾಗಿ ವರ್ಷಕ್ಕೊಮ್ಮೆ ನಾನು, ಇಂಗ್ಲಿಷ್ ವಿಭಾಗದ ಮುಖ್ಯಸ್ಥ, ಕಂಪ್ಯೂಟರಿನ ಪಕ್ಕ ಬರಿಗಾಲಲ್ಲಿ ನಿಂತು, ಎಲೆಯ ಮೇಲಿನ ಫ್ಲಾಪಿಯೇ ಸಾಕ್ಷಿಯಾಗಿ, "ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್" ಎಂದು ಗಟ್ಟಿಯಾಗಿ ಪಠಿಸುತ್ತೇನೆ. ಒಬ್ಬೊಬ್ಬರೇ ಬಂದು ಕೀಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತಮ್ಮ ಪಾಲಿನ ಸುಳ್ಳನ್ನು ಪಡೆದು ಹೋಗುತ್ತಾರೆ.

ಕೊನೆಗೆ, ಅಂದಿನಂತೆಯೇ, ಆರತಿ ತಟ್ಟೆ ಹಿಡಿದು ಸುಮಿತ್ರಾ ಬರುತ್ತಾಳೆ. "ನನಗ ಏನಂತದ್ರಿ ಈ ವರ್ಷ?" ಎಂದು ಕೇಳುತ್ತಾಳೆ. "ಹೋದ ವರ್ಷದ್ದ ಅಂತದ" ಎನ್ನುತ್ತೇನೆ ನಾನು, ನೆಲ ನೋಡುತ್ತ. ಆಕೆ ಬಣ್ಣದ ಪರದೆಯನ್ನು ಅರೆಗಳಿಗೆ ನೋಡಿ, "ಇನ್ನೂ ವಿಚಾರ ಮಾಡಾಕತ್ತೇನಿ ಅಂತ ಹೇಳ್ರಿ ಅದಕ್ಕ" ಎಂದು ಹೇಳಿ ಆರತಿ ಬೆಳಗುತ್ತಾಳೆ.